ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಕಾರುಗಳ ಸಂಘಕ್ಕೊಂದು ಬ್ಯಾಡ್ಜ್

ಹಳೆಯ ಕಾರುಗಳನ್ನು ಜತನದಿಂದ ಕಾಪಾಡಿಕೊಂಡು ಬಂದವರ ಸಂಘಗಳಿಂದ, ಕಾರಿನ ಮುಂಭಾಗಕ್ಕೆ ಹಾಕುವ ಬ್ಯಾಡ್ಜ್‌ಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಾಗಿ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಕೇಳಿದವರ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ಸಂಘದ ಬ್ಯಾಡ್ಜ್ ಮಾಡಿಸಲು ಮೂವರು ತಯಾರಕರನ್ನು ವಿಚಾರಿಸಿದೆವು. ಒಬ್ಬರು ‘ಗಟ್ಟಿ ಎನಾಮಲ್’ ಎಂದರು, ಇನ್ನೊಬ್ಬರು ‘ಮೃದು ಎನಾಮಲ್’ ಸಾಕು ಎಂದರು, ಮೂರನೆಯವರು ಬೆಂಕಿಯಲ್ಲಿ ಸುಟ್ಟದ್ದು ಮಾತ್ರ ನಿಜವಾದ ಎನಾಮಲ್ ಎಂದರು. ಯಾವುದನ್ನು ಆರಿಸಬೇಕು?

ಉತ್ತರ: ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರು ಅಂಟಿಕೊಂಡಿರುವುದರಿಂದ ಈ ಗೊಂದಲ ಹುಟ್ಟಿದೆ. ಬೆಂಕಿಯಲ್ಲಿ ಸುಟ್ಟ ಎನಾಮಲ್ ಎಂದರೆ ಗಾಜು. ನುಣ್ಣಗೆ ಅರೆದ ಬಣ್ಣದ ಗಾಜಿನ ಪುಡಿಯನ್ನು ಲೋಹದ ತಗ್ಗುಗಳಲ್ಲಿ ತುಂಬಿ, ಸುಮಾರು 750ರಿಂದ 850 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಕೆಲವೇ ನಿಮಿಷ ಇಟ್ಟರೆ ಪುಡಿ ಕರಗಿ ಲೋಹವನ್ನು ಕಚ್ಚಿಕೊಳ್ಳುತ್ತದೆ. ಕರಗಿದ ಪುಡಿ ತಗ್ಗಿನಲ್ಲಿ ಕುಸಿಯುವುದರಿಂದ ಮತ್ತೆ ತುಂಬಿ ಮತ್ತೆ ಸುಡಬೇಕು. ಕೊನೆಗೆ ಮೇಲ್ಮೈಯನ್ನು ಸಾಣೆ ಹಿಡಿದು ಗಾಜನ್ನೂ ಲೋಹದ ಗೆರೆಗಳನ್ನೂ ಒಂದೇ ಮಟ್ಟಕ್ಕೆ ತಂದು ಹೊಳಪು ಕೊಡಬೇಕು. ದಶಕಗಳ ಬಿಸಿಲು ಮಳೆ ಕಂಡ ಹಳೆಯ ಬ್ಯಾಡ್ಜ್‌ಗಳ ನೀಲಿ ಇಂದಿಗೂ ನೀಲಿಯಾಗಿಯೇ ಉಳಿದಿದ್ದರೆ, ಅದಕ್ಕೆ ಕಾರಣ ಅದು ಬಣ್ಣ ಬಳಿದದ್ದಲ್ಲ, ಗಾಜಿನೊಳಗೇ ಬೆರೆತದ್ದು ಎಂಬುದು.

ಮೃದು ಎನಾಮಲ್‌ನಲ್ಲಿ ಗಾಜು ಇರುವುದಿಲ್ಲ. ಅಚ್ಚೊತ್ತಿ ಲೇಪನ ಕೊಟ್ಟ ಲೋಹದ ತಗ್ಗುಗಳಿಗೆ ಬಣ್ಣ ತುಂಬಿ, ಕಡಿಮೆ ಶಾಖದಲ್ಲಿ ಒಣಗಿಸುತ್ತಾರೆ. ಒಣಗಿದ ಬಣ್ಣ ಲೋಹದ ಗೆರೆಗಿಂತ ಕೆಳಗೆ ನಿಲ್ಲುವುದರಿಂದ ಬೆರಳಾಡಿಸಿದರೆ ಏರುತಗ್ಗು ತಿಳಿಯುತ್ತದೆ. ಈಗ ‘ಗಟ್ಟಿ ಎನಾಮಲ್’ ಎಂದು ಮಾರುವುದರಲ್ಲಿ ಹೆಚ್ಚಿನದು ಇವೆರಡರ ನಡುವಿನದು: ತಗ್ಗುಗಳಿಗೆ ರಾಳವನ್ನು ತುಂಬಿ, ಕಾಯಿಸಿ ಗಟ್ಟಿಯಾಗಿಸಿ, ಗೆರೆಗಳ ಮಟ್ಟಕ್ಕೆ ಉಜ್ಜಿ, ಆಮೇಲೆ ಲೋಹಕ್ಕೆ ಲೇಪನ ಕೊಟ್ಟದ್ದು. ನೋಡಲು ಗಾಜಿನ ಎನಾಮಲ್‌ನಂತೆಯೇ ನಯವಾಗಿರುತ್ತದೆ, ಆದರೆ ರಾಳ ರಾಳವೇ. ಉಕ್ಕಿನ ಸೂಜಿಯ ಮೊನೆಗೆ ಗಾಜು ಸುಲಭವಾಗಿ ಗೀರಾಗುವುದಿಲ್ಲ, ರಾಳ ಗೀರಾಗುತ್ತದೆ. ತಯಾರಕರಿಂದ ಒಂದು ಹಾಳು ಮಾದರಿಯನ್ನು ಕೇಳಿ ಪಡೆದು, ಅದರ ಮೂಲೆಯಲ್ಲಿ ಇದನ್ನು ಪರೀಕ್ಷಿಸುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಆಯ್ಕೆಗೆ ಮೊದಲು ಕೆಳಗಿನ ಲೋಹ ಯಾವುದೆಂದು ಕೇಳಿ; ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಗಾಜಿನ ಎನಾಮಲ್‌ಗೆ ತಾಮ್ರ, ಬೆಳ್ಳಿ, ಇಲ್ಲವೇ ನೂರಕ್ಕೆ 95 ಭಾಗ ತಾಮ್ರವೂ 5 ಭಾಗ ಸತುವೂ ಇರುವ ಮಿಶ್ರಲೋಹ ಒಗ್ಗುತ್ತದೆ. ಸತುವಿನ ಪಾಲು ಹೆಚ್ಚಾದ ಸಾಮಾನ್ಯ ಹಿತ್ತಾಳೆಯ ಮೇಲೆ ಗಾಜು ಗುಳ್ಳೆಯೇಳುತ್ತದೆ ಅಥವಾ ಚಕ್ಕೆ ಕಳಚುತ್ತದೆ. ಇನ್ನು ಸತುವೇ ಪ್ರಧಾನವಾದ ಎರಕದ ಮಿಶ್ರಲೋಹವು 400 ಡಿಗ್ರಿಯೊಳಗೇ ಕರಗಿ ನೀರಾಗುತ್ತದೆ. ಆದ್ದರಿಂದ ಸತುವಿನ ಎರಕದ ಮೇಲೆ ‘ಬೆಂಕಿಯಲ್ಲಿ ಸುಟ್ಟ ಎನಾಮಲ್’ ಹಾಕಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ, ಅಂಥವರೊಡನೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ವರ್ಷವಿಡೀ ಕಾರಿನ ಹೊರಮೈಯಲ್ಲೇ ಇರಬೇಕಾದ ಬ್ಯಾಡ್ಜ್‌ಗೆ, ಖರ್ಚು ಹೊಂದುವುದಾದರೆ, ಗಾಜಿನ ಎನಾಮಲ್ ಅನ್ನೇ ಮಾಡಿಸಿ. ಹೊಂದದಿದ್ದರೆ ರಾಳದ್ದನ್ನು ರಾಳದ್ದೆಂದು ತಿಳಿದೇ ಮಾಡಿಸಿ, ಕಾರನ್ನು ನೆರಳಿನಲ್ಲಿ ನಿಲ್ಲಿಸಿ. ಮೃದು ಎನಾಮಲ್ ಅಂಗಿಗೆ ಚುಚ್ಚಿಕೊಳ್ಳುವ ಸಣ್ಣ ಬಿಲ್ಲೆಗೆ ಒಪ್ಪುತ್ತದೆ. ಕಾರಿನ ಮೇಲೆ ಅದರ ತಗ್ಗುಗಳಲ್ಲಿ ಧೂಳೂ ಪಾಲಿಶ್‌ನ ಬಿಳಿ ಪುಡಿಯೂ ಸೇರಿಕೊಂಡು, ತೊಳೆದಷ್ಟೂ ಕೊಳೆಯಾಗಿಯೇ ಕಾಣುತ್ತದೆ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಬಹಳ ಚೆನ್ನಾಗಿ ಮೂಡಿದ್ದ ನಮ್ಮ ವಿನ್ಯಾಸವನ್ನು ತಯಾರಕರು ‘ಲೋಹದಲ್ಲಿ ನಿಲ್ಲುವುದಿಲ್ಲ’ ಎಂದು ಹಿಂದಿರುಗಿಸಿದ್ದಾರೆ. ಸಂಘದ ಹೆಸರನ್ನು ಕನ್ನಡದಲ್ಲೇ ಹಾಕಬೇಕೆಂಬುದು ನಮ್ಮ ಹಟ. ಏನು ಮಾಡಬೇಕು?

ಉತ್ತರ: ಹಟವನ್ನು ಬಿಡಬೇಡಿ, ವಿನ್ಯಾಸವನ್ನು ಬದಲಿಸಿ. ಪರದೆಯ ಮೇಲೆ ಎರಡು ಬಣ್ಣಗಳು ಪಕ್ಕಪಕ್ಕದಲ್ಲಿ ಸುಮ್ಮನೆ ಕೂತಿರಬಲ್ಲವು. ಎನಾಮಲ್‌ನಲ್ಲಿ ಅವುಗಳ ನಡುವೆ ಲೋಹದ ಒಂದು ಗೋಡೆ ಇರಲೇಬೇಕು. ಆ ಗೋಡೆ 0.3 ಮಿ.ಮೀ.ಗಿಂತ ತೆಳುವಾದರೆ ಅಚ್ಚಿನಲ್ಲಿ ಸರಿಯಾಗಿ ಏಳುವುದಿಲ್ಲ, ಸಾಣೆ ಹಿಡಿಯುವಾಗ ಅಳಿಸಿಹೋಗುತ್ತದೆ. ಗಾಜಿನ ಎನಾಮಲ್‌ಗೆ ಇನ್ನೂ ಸ್ವಲ್ಪ ದಪ್ಪವಿದ್ದರೆ ಒಳ್ಳೆಯದು. ಒಂದು ಬಣ್ಣ ಮೆಲ್ಲನೆ ಇನ್ನೊಂದಕ್ಕೆ ತಿರುಗುವ ಛಾಯೆಗಳು, ನೆರಳು, ಕೂದಲೆಳೆಯಂಥ ಅರಗಳಿರುವ ಚಕ್ರ, ಇವೆಲ್ಲ ಕಾಗದದ ಸಂಪತ್ತು. ಕಾರಿನ ಪೂರ್ತಿ ಚಿತ್ರವನ್ನು ಬ್ಯಾಡ್ಜ್‌ನಲ್ಲಿ ತುಂಬುವ ಆಸೆ ಎಲ್ಲ ಸಂಘಗಳಿಗೂ ಇರುತ್ತದೆ. ಮೂರು ಮೀಟರ್ ದೂರದಿಂದ ಅದು ಜೀರುಂಡೆಯಂತೆ ಕಾಣುತ್ತದೆ. ಒಂದು ಚಕ್ರ, ಒಂದು ದೀಪ, ಮಡ್‌ಗಾರ್ಡಿನ ಒಂದು ಬಾಗು, ಇಷ್ಟಿದ್ದರೆ ಸಾಕು.

ಈಗ ಅಕ್ಷರಗಳ ವಿಚಾರ. ರೋಮನ್ ದೊಡ್ಡಕ್ಷರಗಳೆಲ್ಲ ಎರಡು ಗೆರೆಗಳ ನಡುವೆ ಅಚ್ಚುಕಟ್ಟಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ಕೊಂಬು ಮತ್ತು ದೀರ್ಘ. ಅಂಚಿನ ಪಟ್ಟಿಯ ಅಗಲ 12 ಮಿ.ಮೀ. ಇದ್ದರೂ ಒತ್ತಿಗೂ ಗುಡಿಸಿಗೂ ಜಾಗ ಬಿಟ್ಟ ಮೇಲೆ ಅಕ್ಷರದ ಒಡಲಿಗೆ ಉಳಿಯುವುದು ಅದರ ಅರ್ಧದಷ್ಟೇ. ಹಾಗಾಗಿ ಹೆಸರನ್ನು ತೀರ್ಮಾನಿಸುವಾಗಲೇ ಲೋಹವನ್ನು ನೆನೆಯುವುದು ಜಾಣತನ. ‘ವಿಂಟೇಜ್ ಕಾರ್ ಕ್ಲಬ್’ ಎಂಬಲ್ಲಿ ಒಂದು ಒತ್ತು ಕೆಳಗೆ ಇಳಿಯುತ್ತದೆ. ‘ವಿಂಟೇಜ್ ಕಾರು ಸಂಘ’ ಎಂದು ಬರೆದರೆ ಒಂದೂ ಇಲ್ಲ, ಅಕ್ಷರಗಳನ್ನು ಅಷ್ಟೂ ದೊಡ್ಡದಾಗಿಸಬಹುದು. ‘ಘ’ದ ಒಳಸಂದುಗಳನ್ನು ಮಾತ್ರ ಕೈಯಿಂದ ಸ್ವಲ್ಪ ಅಗಲಿಸಬೇಕು. ಮಹಾಪ್ರಾಣಗಳ ಹೊಟ್ಟೆಯ ಕೆಳಗಿನ ಸೀಳು ಅತ್ಯಂತ ಅಪಾಯದ ಜಾಗ. ಬಣ್ಣವೋ ಲೇಪನವೋ ಅದನ್ನು ಮುಚ್ಚಿದರೆ ‘ಧ’ ‘ದ’ ಆಗುತ್ತದೆ, ‘ಢ’ ‘ಡ’ ಆಗುತ್ತದೆ. ಸಂಘದ ಹೆಸರಿನ ಕಾಗುಣಿತ ತಪ್ಪಾಗಿ ನೂರು ಪ್ರತಿಗಳಲ್ಲಿ ಶಾಶ್ವತವಾಗಿ ನಿಲ್ಲುತ್ತದೆ.

ವೃತ್ತಾಕಾರದಲ್ಲಿ ಬರೆಯುವಾಗ ಇನ್ನೊಂದು ಸೂಕ್ಷ್ಮವಿದೆ. ಮೇಲಿನ ಕಮಾನಿನಲ್ಲಿ ಅಕ್ಷರಗಳ ತಲೆ ಹೊರಕ್ಕೆ, ಬುಡ ಕೇಂದ್ರದ ಕಡೆಗೆ ಇರುತ್ತದೆ. ಕೇಂದ್ರದತ್ತ ಸರಿದಂತೆ ಜಾಗ ಕಿರಿದಾಗುವುದರಿಂದ ಒತ್ತುಗಳು ಒಂದಕ್ಕೊಂದು ತಾಗುತ್ತವೆ. ಕೆಳಗಿನ ಕಮಾನಿನಲ್ಲಿ ಇದು ತಿರುಗುಮುರುಗಾಗಿ, ಒತ್ತುಗಳಿಗೆ ಹೊರ ಅಂಚಿನ ಕಡೆ ವಿಶಾಲವಾದ ಜಾಗ ಸಿಗುತ್ತದೆ. ಆದ್ದರಿಂದ ಒತ್ತಕ್ಷರಗಳಿರುವ ಪದವನ್ನು ಕೆಳಗೆ, ಇಲ್ಲದಿರುವುದನ್ನು ಮೇಲೆ ಇಡುವುದು ಲೇಸು. ಬಣ್ಣದ ನೆಲದ ಮೇಲೆ ಉಬ್ಬಿದ ಲೋಹದ ಅಕ್ಷರಗಳೇ ಕನ್ನಡಕ್ಕೆ ಹೊಂದುತ್ತವೆ. ಅಕ್ಷರವನ್ನೇ ತಗ್ಗಾಗಿ ಕೊರೆದು ಬಣ್ಣ ತುಂಬಿದರೆ ನಮ್ಮ ದುಂಡನೆಯ ಸುರುಳಿಗಳು ಉಂಡೆಗಳಾಗುತ್ತವೆ.

ಕಡತವನ್ನು ಕಳುಹಿಸುವ ಮೊದಲು ಅಕ್ಷರಗಳನ್ನು ಕಡ್ಡಾಯವಾಗಿ ರೇಖಾಕೃತಿಗಳನ್ನಾಗಿ ಪರಿವರ್ತಿಸಿ. ತಯಾರಕರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಒತ್ತುಗಳು ಬಿಡಿಯಾಗಿ, ಕೊಂಬುಗಳು ಅಕ್ಷರದಿಂದ ದೂರ ಸರಿದು ಕೂರುತ್ತವೆ, ಮತ್ತು ಕನ್ನಡ ಓದಲು ಬಾರದ ಕೆಲಸಗಾರರಿಗೆ ಅದು ತಪ್ಪೆಂದು ತಿಳಿಯುವ ದಾರಿಯೇ ಇಲ್ಲ. ಅಚ್ಚಿನಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗಿರುವುದರಿಂದ ಅಚ್ಚಿನ ಚಿತ್ರ ನೋಡಿ ಒಪ್ಪಿಗೆ ಕೊಡಬೇಡಿ. ಬಣ್ಣ ತುಂಬುವ ಮೊದಲು ಒತ್ತಿದ ಒಂದು ಬರಿಯ ಪ್ರತಿಯನ್ನು ತರಿಸಿ, ಸಂಘದ ಕೆಲಸದಲ್ಲಿ ಪಾಲ್ಗೊಳ್ಳದ ಒಬ್ಬರಿಂದ ಗಟ್ಟಿಯಾಗಿ ಓದಿಸಿ.

ಪ್ರಶ್ನೆ: ನಮ್ಮ ಸಂಘದಲ್ಲಿ ಒಂದೇ ಕಂಪನಿಯ ಕಾರುಗಳು ಹೆಚ್ಚು. ಬ್ಯಾಡ್ಜ್‌ನ ನಡುವೆ ಆ ಕಂಪನಿಯ ಲಾಂಛನವನ್ನೇ ಇಡಬಹುದೇ? ಅದು ತೀರ ಹಳೆಯದು, ಈಗ ಬಳಕೆಯಲ್ಲಿಲ್ಲ.

ಉತ್ತರ: ಲಿಖಿತ ಅನುಮತಿ ಇಲ್ಲದೆ ಇಡಬೇಡಿ. ಹಳೆಯದು ಎಂಬುದು ಇಲ್ಲಿ ಸಮರ್ಥನೆಯಾಗುವುದಿಲ್ಲ. ಕಲಾಕೃತಿಯ ಹಕ್ಕುಸ್ವಾಮ್ಯಕ್ಕೆ ಒಂದು ಕೊನೆಯ ದಿನವಿರುತ್ತದೆ. ವ್ಯಾಪಾರ ಚಿಹ್ನೆಗೆ ಹಾಗಿಲ್ಲ, ಒಡೆಯರು ನೋಂದಣಿಯನ್ನು ನವೀಕರಿಸುತ್ತಾ ಹೋದಷ್ಟು ಕಾಲವೂ ಅದು ಜೀವಂತ. ಕಾರು ತಯಾರಿಕೆ ನಿಂತುಹೋದ ಎಷ್ಟೋ ಹೆಸರುಗಳ ಹಕ್ಕು ಇಂದಿಗೂ ಬೇರೊಂದು ಕಂಪನಿಯ ಕೈಯಲ್ಲಿರುತ್ತದೆ. ಹೆಸರು, ಲಾಂಛನಗಳಷ್ಟೇ ಅಲ್ಲ, ಆಕೃತಿಗಳೂ ಈ ಲೆಕ್ಕಕ್ಕೆ ಬರಬಹುದು. ಚಾರ್ಲ್ಸ್ ಸೈಕ್ಸ್ ಅವರು 1911ರಲ್ಲಿ ರೋಲ್ಸ್ ರಾಯ್ಸ್‌ಗಾಗಿ ರೂಪಿಸಿದ, ಮುಂದಕ್ಕೆ ಬಾಗಿ ನಿಂತ ಹೆಣ್ಣಿನ ಮೂರ್ತಿ ನೂರು ವರ್ಷ ದಾಟಿದರೂ, ಅದನ್ನು ಕಂಡಲ್ಲಿ ಕಂಡಂತೆ ಎತ್ತಿಕೊಳ್ಳಲು ಯಾರಿಗೂ ಮುಕ್ತ ಪರವಾನಗಿ ಇಲ್ಲ.

ಒಂದೇ ತಯಾರಿಕೆಯ ಕಾರುಗಳ ಸಂಘಗಳಿಗೆ ಕಂಪನಿಗಳು ಹಲವೊಮ್ಮೆ ಅನುಮತಿ ಕೊಡುವುದುಂಟು. ಯಾವ ಬಣ್ಣ, ಯಾವ ಅಳತೆ, ಎಷ್ಟು ಪ್ರತಿ, ಸದಸ್ಯರಲ್ಲದವರಿಗೆ ಮಾರಬಹುದೇ ಎಂಬ ನಿಬಂಧನೆಗಳು ಅದರ ಜೊತೆಗೆ ಬರುತ್ತವೆ. ಕೇಳುವುದಾದರೆ ಅಚ್ಚು ಕೊರೆಸುವ ಮೊದಲೇ ಕೇಳಿ. ಆದರೆ ನಮ್ಮ ಅಭಿಪ್ರಾಯ ಬೇರೆ: ಕಂಪನಿಯ ಲಾಂಛನ ಕಾರಿನ ಮೇಲೆ ಈಗಾಗಲೇ ಇದೆ, ಅದರಿಂದ ಒಂದು ಗೇಣು ದೂರದಲ್ಲಿ ಅದನ್ನೇ ಮತ್ತೊಮ್ಮೆ ತೋರಿಸುವುದರಿಂದ ನೋಡುವವರಿಗೆ ಹೊಸದೇನೂ ತಿಳಿಯುವುದಿಲ್ಲ. ಬ್ಯಾಡ್ಜ್ ಹೇಳಬೇಕಾದದ್ದು ಸಂಘದ ಗುರುತನ್ನು.

ಪ್ರಶ್ನೆ: ಕ್ರೋಮ್ ಲೇಪನ ಕೊಡಿಸಬೇಕೋ, ನಿಕಲ್ ಸಾಕೋ, ಹಿತ್ತಾಳೆಯನ್ನು ಹಾಗೆಯೇ ಬಿಡಬೇಕೋ ಎಂಬ ವಾದ ನಮ್ಮಲ್ಲಿ ಮುಗಿಯುತ್ತಿಲ್ಲ. ಸದಸ್ಯರ ಕಾರುಗಳು 1915ರಿಂದ 1950ರ ದಶಕದವರೆಗಿನವು.

ಉತ್ತರ: ಕಾರುಗಳನ್ನೇ ಕೇಳಿದರೆ ವಾದ ಮುಗಿಯುತ್ತದೆ. ಮೊದಲ ಕಾಲದ ಕಾರುಗಳ ಹೊಳಪೆಲ್ಲ ಹಿತ್ತಾಳೆಯದು. ಫೋರ್ಡ್ ಮಾಡೆಲ್ ಟಿ ಕಾರಿನ ಹಿತ್ತಾಳೆಯ ರೇಡಿಯೇಟರ್ 1916ರ ಮಾದರಿಯೊಂದಿಗೆ ಕೊನೆಗೊಂಡು, 1917ರ ಮಾದರಿಯಿಂದ ಕಪ್ಪು ಬಣ್ಣದ ಉಕ್ಕಿನ ಹೊದಿಕೆ ಬಂತು. ಹಿತ್ತಾಳೆಯ ನಂತರದ ಕಾಲ ನಿಕಲ್‌ನದು. ಕ್ರೋಮ್ ಲೇಪನ ಕಾರುಗಳಲ್ಲಿ ವ್ಯಾಪಕವಾದದ್ದು 1920ರ ದಶಕದ ಕೊನೆಯ ಹೊತ್ತಿಗೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾದ ವರ್ಗೀಕರಣದಲ್ಲಿ ‘ವಿಂಟೇಜ್’ ಎಂದರೆ 1919ರಿಂದ 1930ರವರೆಗೆ ತಯಾರಾದದ್ದು. ಅಂದರೆ ನಿಜವಾದ ಅರ್ಥದಲ್ಲಿ ವಿಂಟೇಜ್ ಎನಿಸಿಕೊಂಡ ಕಾರುಗಳ ಬಹುಪಾಲು ಅವಧಿ ನಿಕಲ್ ಕಾಲದ್ದೇ.

ನಿಕಲ್‌ನ ಹೊಳಪಿನಲ್ಲಿ ಸ್ವಲ್ಪ ಹಳದಿಯ ಬೆಚ್ಚನೆಯ ಛಾಯೆ ಇರುತ್ತದೆ, ಕ್ರೋಮ್‌ನದು ನೀಲಿಗೆ ತಿರುಗಿದ ತಣ್ಣನೆಯ ಬಿಳುಪು. ನಿಕಲ್ ಲೇಪಿತ ರೇಡಿಯೇಟರ್‌ನ ಮುಂದೆ ಕ್ರೋಮ್ ಬ್ಯಾಡ್ಜ್ ನಿಂತರೆ, ಕಾರನ್ನು ಅರಿಯದವರ ಕಣ್ಣಿಗೂ ಏನೋ ಹೊಂದುತ್ತಿಲ್ಲ ಎನಿಸುತ್ತದೆ. ಬಾಳಿಕೆಯ ದೃಷ್ಟಿಯಿಂದ ಕ್ರೋಮ್ ಮೇಲು ಎಂಬುದು ಪೂರ್ತಿ ನಿಜವಲ್ಲ. ಅಲಂಕಾರದ ಕ್ರೋಮ್ ಪದರ, ಮಿ.ಮೀ.ನ ಸಾವಿರದ ಒಂದು ಭಾಗವಾದ ಒಂದು ಮೈಕ್ರಾನ್‌ನ ಅರ್ಧಕ್ಕಿಂತಲೂ ತೆಳು. ತುಕ್ಕನ್ನು ತಡೆಯುವುದು ಅದರ ಕೆಳಗಿರುವ ಹತ್ತಾರು ಮೈಕ್ರಾನ್ ದಪ್ಪದ ನಿಕಲ್. ಆದ್ದರಿಂದ ತಯಾರಕರನ್ನು ‘ಕ್ರೋಮ್ ಇದೆಯೇ’ ಎಂದು ಕೇಳುವ ಬದಲು ‘ನಿಕಲ್ ಎಷ್ಟು ದಪ್ಪ’ ಎಂದು ಕೇಳಿ. ನಿಕಲ್ ಮಂಕಾಗುತ್ತದೆ, ಆಗಾಗ ಉಜ್ಜಬೇಕಾಗುತ್ತದೆ ಎಂಬುದೊಂದೇ ಅದರ ಕೊರತೆ. ಇಂಥ ಕಾರು ಇಟ್ಟುಕೊಂಡವರಿಗೆ ಉಜ್ಜುವುದು ಶಿಕ್ಷೆಯೆಂದು ನಮಗೆ ಅನ್ನಿಸಿಲ್ಲ.

ಒಂದೇ ಅಚ್ಚಿನಿಂದ ಒತ್ತಿದ ಪ್ರತಿಗಳಲ್ಲಿ ಕೆಲವಕ್ಕೆ ನಿಕಲ್, ಕೆಲವಕ್ಕೆ ಕ್ರೋಮ್ ಕೊಡಿಸಬಹುದು. ಸದಸ್ಯರು ತಮ್ಮ ಕಾರಿನ ಕಾಲಕ್ಕೆ ತಕ್ಕದ್ದನ್ನು ಪಡೆಯಲಿ. ಬರಿಯ ಹಿತ್ತಾಳೆಯನ್ನು ಮಾತ್ರ ನಾವು ಒಪ್ಪುವುದಿಲ್ಲ. ವಾರವಾರವೂ ಉಜ್ಜಿದರೆ ಉಬ್ಬು ಸವೆದು, ಕೆಲವು ವರ್ಷಗಳಲ್ಲಿ ಅಕ್ಷರಗಳು ನೆಲಸಮವಾಗುತ್ತವೆ.

ಪ್ರಶ್ನೆ: ಬ್ಯಾಡ್ಜ್ ಎಷ್ಟು ದೊಡ್ಡದಿರಬೇಕು? ಕಾರಿಗೆ ರಂಧ್ರ ಕೊರೆಯದೆ ಹೇಗೆ ಕೂರಿಸಬೇಕು?

ಉತ್ತರ: ರಂಧ್ರ ಕೊರೆಯಬಾರದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡಿದ್ದೀರಿ ಎಂಬುದು ಸಂತೋಷದ ವಿಷಯ. ಕಾರಿನ ಬ್ಯಾಡ್ಜ್‌ಗಳು ಸಾಮಾನ್ಯವಾಗಿ 75ರಿಂದ 100 ಮಿ.ಮೀ. ಅಗಲ ಇರುತ್ತವೆ. 90 ಮಿ.ಮೀ. ವ್ಯಾಸ, 3 ಮಿ.ಮೀ. ದಪ್ಪದ ಹಿತ್ತಾಳೆಯ ಬಿಲ್ಲೆ ಸುಮಾರು 160 ಗ್ರಾಂ ತೂಗುತ್ತದೆ. ಹಳೆಯ ಕಾರಿನ ಅದುರುವಿಕೆಯಲ್ಲಿ ಇಷ್ಟು ತೂಕ ಒಂದೇ ತಿರುಪಿನ ಮೇಲೆ ನಿಂತರೆ ಸಡಿಲವಾಗಿ ತಿರುಗತೊಡಗುತ್ತದೆ, ಸಂಘದ ಹೆಸರು ತಲೆಕೆಳಗಾಗುತ್ತದೆ. ಆದ್ದರಿಂದ ಹಿಂಬದಿಯಲ್ಲಿ ಎಂ4 ಅಥವಾ ಎಂ5 ಅಳತೆಯ ಎರಡು ತಿರುಪು ಕಡ್ಡಿಗಳನ್ನು ಇಡಿಸಿ, ನೈಲಾನ್ ಒಳಪಟ್ಟಿಯ ನಟ್ಟುಗಳನ್ನು ಬಳಸಿ.

ಬಂಪರ್‌ಗೆ ಅಥವಾ ದೀಪಗಳ ನಡುವಿನ ಅಡ್ಡಕಂಬಿಗೆ ಹಿಡಿಕೆಯಿಂದ ಕಚ್ಚಿಸಿದ ಬ್ಯಾಡ್ಜ್ ಕಂಬಿಯೇ ಉತ್ತಮ ಜಾಗ. ಗ್ರಿಲ್‌ಗೇ ಹಾಕುವುದಾದರೆ ಹಿಂದೆ ಒಂದು ಅಡ್ಡಪಟ್ಟಿಯಿಟ್ಟು ಗ್ರಿಲ್‌ನ ಕಡ್ಡಿಗಳನ್ನು ನಡುವೆ ಹಿಡಿದು ಬಿಗಿಯಬಹುದು, ಆದರೆ ಆ ಪಟ್ಟಿ ರೇಡಿಯೇಟರ್‌ನ ಸೂಕ್ಷ್ಮ ರೆಕ್ಕೆಗಳನ್ನು ಮುಟ್ಟಬಾರದು. ಲೋಹ ಲೋಹವನ್ನು ಮುಟ್ಟುವಲ್ಲೆಲ್ಲ ರಬ್ಬರ್ ಅಥವಾ ಚರ್ಮದ ಬಿಲ್ಲೆ ಇರಲಿ: ಲೇಪನಕ್ಕೆ ಗೀರು ಬೀಳುವುದಿಲ್ಲ, ಮಳೆನೀರು ಸೇರಿದಾಗ ಬೇರೆ ಬೇರೆ ಲೋಹಗಳ ನಡುವೆ ಹುಟ್ಟುವ ವಿದ್ಯುತ್ ರಾಸಾಯನಿಕ ಕ್ರಿಯೆಯಿಂದ ಅಲ್ಯೂಮಿನಿಯಂನಂಥ ಭಾಗ ತಿಂದುಹೋಗುವುದೂ ತಪ್ಪುತ್ತದೆ.

ಗಾಳಿಯ ಲೆಕ್ಕವನ್ನೂ ಮಾಡಿ. 90 ಮಿ.ಮೀ. ವ್ಯಾಸದ ಐದು ಬ್ಯಾಡ್ಜ್‌ಗಳು ಸೇರಿ ಸುಮಾರು 320 ಚದರ ಸೆಂ.ಮೀ. ಮುಚ್ಚುತ್ತವೆ. ರೇಡಿಯೇಟರ್‌ನ ಮುಖ 40 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರ ಇದ್ದರೆ, ಅದು ಶೇಕಡಾ 16. ನೀರಿನ ಪಂಪ್ ಇಲ್ಲದೆ, ಬಿಸಿನೀರು ತಾನಾಗಿ ಮೇಲೇರುವುದನ್ನೇ ನಂಬಿದ ಕಾರುಗಳಿಗೆ ಈ ನಷ್ಟ ಸಣ್ಣದಲ್ಲ. ಊರೂರಿನ ಮೇಳಗಳ ಬ್ಯಾಡ್ಜ್‌ಗಳನ್ನೆಲ್ಲ ರೇಡಿಯೇಟರ್ ಮುಂದೆ ಪ್ರದರ್ಶಿಸಿ, ಏರುದಾರಿಯಲ್ಲಿ ಕಾರು ಕುದಿಯುತ್ತದೆಂದು ಎಂಜಿನ್ನನ್ನು ದೂರುವವರಿದ್ದಾರೆ.

ಪ್ರಶ್ನೆ: ನಮ್ಮದು ಹತ್ತು ಹನ್ನೆರಡು ಕಾರುಗಳ ಪುಟ್ಟ ಗುಂಪು. ಅಚ್ಚು ಕೊರೆಸುವ ಖರ್ಚು ನಮಗೆ ಭಾರ. ನಾವೇ ಮಾಡಿಕೊಳ್ಳಬಹುದೇ?

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಅಚ್ಚಿನ ಖರ್ಚು ಹತ್ತು ಪ್ರತಿಗೂ ಒಂದೇ, ಇನ್ನೂರು ಪ್ರತಿಗೂ ಒಂದೇ ಆದ್ದರಿಂದ ಸಣ್ಣ ಗುಂಪಿಗೆ ಆ ದಾರಿ ಹೊಂದುವುದಿಲ್ಲ. ನಿಮಗೆ ತಕ್ಕದ್ದು ಹಿತ್ತಾಳೆ ತಗಡಿನ ಮೇಲೆ ಫೆರಿಕ್ ಕ್ಲೋರೈಡ್ ದ್ರಾವಣದಿಂದ ಕೊರೆಯುವ ವಿಧಾನ. ಸುಮಾರು 1.5 ಮಿ.ಮೀ. ದಪ್ಪದ ತಗಡನ್ನು ಜಿಡ್ಡಿಲ್ಲದಂತೆ ತೊಳೆದು, ಉಳಿಯಬೇಕಾದ ಗೆರೆಗಳನ್ನು ದ್ರಾವಣ ತಾಕದ ಲೇಪದಿಂದ ಮುಚ್ಚಬೇಕು. ಲೇಸರ್ ಮುದ್ರಕದ ಶಾಯಿಯನ್ನು ಇಸ್ತ್ರಿಯ ಶಾಖದಿಂದ ತಗಡಿಗೆ ವರ್ಗಾಯಿಸುವುದು ಒಂದು ಕ್ರಮ, ಬೆಳಕಿಗೆ ಗಟ್ಟಿಯಾಗುವ ಹಾಳೆಯನ್ನು ಅಂಟಿಸುವುದು ಇನ್ನೊಂದು. ಎರಡನೆಯದರಲ್ಲಿ ಅಂಚುಗಳು ಹೆಚ್ಚು ಚೊಕ್ಕಟವಾಗಿ ಬರುತ್ತವೆ. ಹಿಂಬದಿಯನ್ನೂ ಅಂಚುಗಳನ್ನೂ ಪಟ್ಟಿಯಿಂದ ಮುಚ್ಚಿ, ಚಿತ್ರದ ಮುಖ ಕೆಳಕ್ಕಿರುವಂತೆ, ಪಾತ್ರೆಯ ತಳ ಮುಟ್ಟದ ಹಾಗೆ ದ್ರಾವಣದಲ್ಲಿ ತೂಗುಬಿಡಬೇಕು. ಆಗ ಕೊರೆದ ಕೆಸರು ತಗ್ಗಿನಲ್ಲಿ ಕೂರದೆ ಕೆಳಗೆ ಬೀಳುತ್ತದೆ. ದ್ರಾವಣ ಬೆಚ್ಚಗಿದ್ದರೆ ಕೆಲಸ ಬೇಗ ಸಾಗುತ್ತದೆ.

ತಗ್ಗು 0.3ರಿಂದ 0.4 ಮಿ.ಮೀ. ಆಳವಾದರೆ ಬಣ್ಣ ಹಿಡಿಯಲು ಸಾಕು. ದ್ರಾವಣ ಕೆಳಕ್ಕೆ ಕೊರೆದಂತೆಲ್ಲ ಪಕ್ಕಕ್ಕೂ ಕೊರೆಯುವುದನ್ನು ಮರೆಯಬಾರದು. ಮೂಲಚಿತ್ರದಲ್ಲಿ ಅರ್ಧ ಮಿ.ಮೀ. ದಪ್ಪವಿದ್ದ ಗೆರೆ ಕೊನೆಗೆ ಉಳಿಯದೆಯೂ ಹೋಗಬಹುದು, ಆದ್ದರಿಂದ ಗೆರೆಗಳನ್ನು ಒಂದು ಮಿ.ಮೀ.ನಷ್ಟು ದಪ್ಪವಾಗಿಯೇ ಬರೆದುಕೊಳ್ಳಿ. ಕೊರೆದ ತಗಡನ್ನು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಒಣಗಿಸಿ, ಬಣ್ಣ ಸೇರಿಸಿದ ಎರಡು ಭಾಗದ ಎಪಾಕ್ಸಿ ರಾಳವನ್ನು ಸಿರಿಂಜಿನಿಂದ ತಗ್ಗುಗಳಿಗೆ ಸ್ವಲ್ಪ ಉಬ್ಬುವಂತೆ ತುಂಬಿ. ಗುಳ್ಳೆಗಳನ್ನು ಸೂಜಿಯಿಂದ ಒಡೆದು, ಧೂಳು ಬೀಳದಂತೆ ಮುಚ್ಚಿಡಿ. ಪೂರ್ತಿ ಗಟ್ಟಿಯಾದ ಮೇಲೆ, ಸಮತಟ್ಟಾದ ಗಾಜಿನ ಮೇಲೆ ಹಾಸಿದ ನೀರಿನ ಮರಳುಕಾಗದದಲ್ಲಿ 400, 800, 1200 ಸಂಖ್ಯೆಗಳ ಕ್ರಮದಲ್ಲಿ ಉಜ್ಜಿದರೆ ಹಿತ್ತಾಳೆಯ ಗೆರೆಗಳು ಬಣ್ಣಗಳ ನಡುವೆ ಒಂದೊಂದಾಗಿ ಹೊಳೆಯತೊಡಗುತ್ತವೆ. ಈ ಹಂತದಲ್ಲಿ ಆತುರಪಡುವವರೇ ಹೆಚ್ಚು. ಒಳಗೆ ಇನ್ನೂ ಹಸಿಯಾಗಿರುವ ರಾಳವನ್ನು ಉಜ್ಜಿದರೆ ಮರಳುಕಾಗದ ಮೆತ್ತಿಕೊಂಡು ಬಣ್ಣವೆಲ್ಲ ಕದಡುತ್ತದೆ.

ಎರಡು ಎಚ್ಚರಿಕೆಗಳಿವೆ. ತಣ್ಣಗೆ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿ 50ರಿಂದ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಬಿಸಿಲಿನಲ್ಲಿ ಹಳದಿಗೆ ತಿರುಗುತ್ತದೆ. ಅತಿನೇರಳೆ ಕಿರಣಗಳನ್ನು ತಾಳುವ ಬಗೆಯನ್ನು ಕೊಂಡು, ಬ್ಯಾಡ್ಜ್ ಅನ್ನು ರೇಡಿಯೇಟರ್‌ನಿಂದ ದೂರವಿಡಿ, ಬಿಳಿ ಬಣ್ಣವನ್ನು ಆದಷ್ಟು ತಪ್ಪಿಸಿ. ಫೆರಿಕ್ ಕ್ಲೋರೈಡ್ ಅನ್ನು ಸಿದ್ಧ ದ್ರಾವಣದ ರೂಪದಲ್ಲೇ ಕೊಂಡು, ಪ್ಲಾಸ್ಟಿಕ್ ಪಾತ್ರೆಯಲ್ಲಿ, ಕೈಗವಸು ಕನ್ನಡಕ ಧರಿಸಿ, ಗಾಳಿಯಾಡುವಲ್ಲಿ ಬಳಸಿ. ಉಳಿದ ದ್ರಾವಣದಲ್ಲಿ ಕರಗಿದ ತಾಮ್ರವಿರುತ್ತದೆ, ಅದು ಜಲಚರಗಳಿಗೆ ವಿಷ. ಚರಂಡಿಗೆ ಸುರಿಯದೆ, ಪ್ಲಾಸ್ಟಿಕ್ ಬಾಟಲಿಯಲ್ಲಿ ಹೆಸರು ಬರೆದು ಕೂಡಿಟ್ಟು, ಅಪಾಯಕಾರಿ ತ್ಯಾಜ್ಯವನ್ನು ಸ್ವೀಕರಿಸುವವರಿಗೇ ಕೊಡಬೇಕು.

ಪ್ರಶ್ನೆ: ಹಿರಿಯ ಸದಸ್ಯರೊಬ್ಬರ ಬಳಿ ಇರುವ ಹಳೆಯ ಬ್ಯಾಡ್ಜ್‌ನ ಕೆಂಪು ಎನಾಮಲ್ ಚಕ್ಕೆ ಎದ್ದಿದೆ. ಮತ್ತೆ ಸುಡಿಸಿ ಸರಿಮಾಡಬಹುದೇ?

ಉತ್ತರ: ಚಕ್ಕೆಯೆದ್ದ ಜಾಗವೊಂದನ್ನೇ ಸುಡಲಾಗುವುದಿಲ್ಲ, ಇಡೀ ಬ್ಯಾಡ್ಜ್ ಕುಲುಮೆಗೆ ಹೋಗಬೇಕು. ಅಲ್ಲಿ ಲೇಪನ ಸುಟ್ಟು ಕರಕಾಗುತ್ತದೆ, ಮೃದು ಬೆಸುಗೆಯಿಂದ ಕೂರಿಸಿದ ಹಿಂಬದಿಯ ಕಡ್ಡಿಗಳು 200 ಡಿಗ್ರಿಯ ಆಸುಪಾಸಿನಲ್ಲೇ ಕಳಚಿ ಬೀಳುತ್ತವೆ, ಬೆಸುಗೆಯ ಸೀಸ ಲೋಹವನ್ನು ತಿನ್ನುತ್ತದೆ, ಗಟ್ಟಿಯಾಗಿ ಉಳಿದಿದ್ದ ಬಣ್ಣಗಳಲ್ಲೂ ಬಿರುಕು ಬಿಡಬಹುದು. ಎನಾಮಲ್ ಬಣ್ಣಗಳಲ್ಲೆಲ್ಲ ಕೆಂಪು ಶಾಖಕ್ಕೆ ಬಲು ಬೇಗ ಕೆಡುವ ಬಣ್ಣ, ಸ್ವಲ್ಪ ಹೆಚ್ಚಾದರೆ ಕಪ್ಪಾಗುತ್ತದೆ. ಹೊಸ ಬ್ಯಾಡ್ಜ್‌ಗಳಲ್ಲೂ ಅದನ್ನು ಕೊನೆಯ ಸುಡುವಿಕೆಗೆ ಉಳಿಸಿಕೊಳ್ಳುವುದು ಅದಕ್ಕಾಗಿಯೇ. ಆದ್ದರಿಂದ ಚಕ್ಕೆ ಹೋದ ಜಾಗಕ್ಕೆ ಬಣ್ಣ ಹೊಂದಿಸಿದ ರಾಳವನ್ನು ತುಂಬಿ ಬಿಡಿ. ನಾಳೆ ಬೇಡವೆನಿಸಿದರೆ ಅದನ್ನು ತೆಗೆಯಬಹುದು. ಪೂರ್ತಿ ಹೊಸದರಂತೆ ಮಾಡಿಸುವುದಕ್ಕಿಂತ ಆ ಗಾಯವನ್ನು ಹಾಗೆಯೇ ಉಳಿಸಿಕೊಳ್ಳುವುದು ನಮಗೆ ಹೆಚ್ಚು ಇಷ್ಟ.

ಅದೇ ಬ್ಯಾಡ್ಜ್‌ನಿಂದ ಅಚ್ಚು ತೆಗೆದು ಪ್ರತಿಗಳನ್ನು ಎರಕ ಹೊಯ್ಯುವ ಯೋಚನೆಯಿದ್ದರೆ, ಹಿತ್ತಾಳೆಯೂ ಕಂಚೂ ತಣಿಯುವಾಗ ಶೇಕಡಾ ಒಂದೂವರೆಯಿಂದ ಎರಡರಷ್ಟು ಕುಗ್ಗುವುದರಿಂದ ಪ್ರತಿ ಮೂಲಕ್ಕಿಂತ ಸಣ್ಣದಾಗುತ್ತದೆ; ಮಾದರಿಯನ್ನು ಅಷ್ಟರಮಟ್ಟಿಗೆ ಹಿಗ್ಗಿಸಿಕೊಳ್ಳಬೇಕು. ಹಿಂಬದಿಯಲ್ಲಿ ‘ಪ್ರತಿಕೃತಿ’ ಎಂದೂ ಮಾಡಿದ ವರ್ಷವನ್ನೂ ಅಚ್ಚೊತ್ತದೆ ಒಂದನ್ನೂ ಹೊರಗೆ ಬಿಡಬೇಡಿ. ಹಳೆಯದೆಂದು ನಂಬಿಸಿ ಮಾರುವವರ ಕೈಗೆ ಇಂಥವು ಬಹಳ ಬೇಗ ಸೇರುತ್ತವೆ.

ಪ್ರಶ್ನೆ: ಬ್ಯಾಡ್ಜ್‌ಗಳಿಗೆ ಕ್ರಮಸಂಖ್ಯೆ ಹಾಕಬೇಕೆ?

ಉತ್ತರ: ಹಾಕಿ. ಇದು ಈ ಪದ್ಧತಿಯಷ್ಟೇ ಹಳೆಯದು. ಅತಿವೇಗವಾಗಿ ಓಡಿಸುವವರನ್ನು ಹಿಡಿಯಲು ಪೊಲೀಸರು ಒಡ್ಡುತ್ತಿದ್ದ ಬಲೆಗಳಿಂದ ಚಾಲಕರನ್ನು ಕಾಪಾಡಲೆಂದು ಬ್ರಿಟನ್ನಿನಲ್ಲಿ 1905ರಲ್ಲಿ ಹುಟ್ಟಿದ ಆಟೊಮೊಬೈಲ್ ಅಸೋಸಿಯೇಷನ್, ಮರುವರ್ಷದಿಂದಲೇ ಸದಸ್ಯರಿಗೆ ಸಂಖ್ಯೆಯಿದ್ದ ಬ್ಯಾಡ್ಜ್‌ಗಳನ್ನು ಕೊಡತೊಡಗಿತು. ಬ್ಯಾಡ್ಜ್ ಇರುವ ಕಾರನ್ನು ಕಂಡರೆ ಸಂಸ್ಥೆಯ ಕಾವಲುಗಾರರು ಸಲಾಮು ಮಾಡಬೇಕಿತ್ತು. ಮುಂದೆ ಬಲೆಯಿದೆ ಎಂದು ಎಚ್ಚರಿಸುವುದು ಅಪರಾಧವಾಗಬಹುದೆಂದು 1910ರಲ್ಲಿ ನ್ಯಾಯಾಲಯದ ತೀರ್ಪು ಬಂದ ಮೇಲೆ ಅವರು ಎಚ್ಚರಿಸುವುದನ್ನು ಬಿಟ್ಟು, ಬಲೆಯಿದ್ದಲ್ಲಿ ಸಲಾಮು ಮಾಡುವುದನ್ನೇ ಬಿಟ್ಟರು. ಸಲಾಮು ಸಿಗದಿದ್ದರೆ ಕಾರು ನಿಲ್ಲಿಸಿ ಕಾರಣ ಕೇಳಬೇಕೆಂಬುದು ಸದಸ್ಯರಿಗೆ ಗೊತ್ತಿತ್ತು. ಸಲಾಮು ಮಾಡದಿರುವುದನ್ನು ಯಾವ ನ್ಯಾಯಾಲಯ ತಾನೇ ಶಿಕ್ಷಿಸೀತು?

ನಿಮ್ಮ ಸಂಘಕ್ಕೆ ಸಂಖ್ಯೆಯಿಂದಾಗುವ ಉಪಯೋಗ ಇಷ್ಟು ಸ್ವಾರಸ್ಯದ್ದಲ್ಲ. ಯಾವ ಬ್ಯಾಡ್ಜ್ ಯಾರ ಹೆಸರಿನಲ್ಲಿ, ಯಾವ ಕಾರಿಗೆ ಹೋಯಿತು ಎಂಬ ದಾಖಲೆ ಉಳಿಯುತ್ತದೆ, ಕಳವಾದದ್ದನ್ನು ಗುರುತಿಸಬಹುದು. ಸಂಖ್ಯೆಯನ್ನು ಲೇಪನಕ್ಕೂ ಎನಾಮಲ್‌ಗೂ ಮೊದಲೇ ಹಿಂಬದಿಯಲ್ಲಿ ಒತ್ತಿಸಿ; ಆಮೇಲೆ ಸುತ್ತಿಗೆಯಿಂದ ಹೊಡೆದರೆ ಮುಂಬದಿಯ ಗಾಜು ಸಿಡಿಯುತ್ತದೆ. ಈಗಿನ ಸದಸ್ಯರ ಸಂಖ್ಯೆಗಿಂತ ಕಾಲು ಭಾಗದಷ್ಟಾದರೂ ಹೆಚ್ಚು ಪ್ರತಿ ಮಾಡಿಸಿಟ್ಟುಕೊಳ್ಳಿ, ಏಕೆಂದರೆ ಎರಡನೆಯ ಸಲ ಸುಟ್ಟ ಗಾಜಿನ ಬಣ್ಣ ಮೊದಲನೆಯದಕ್ಕೆ ಪೂರ್ತಿ ಹೊಂದುವುದು ಅಪರೂಪ. ಅಚ್ಚಿನ ಒಡೆತನ ಸಂಘದ್ದೇ ಎಂಬುದನ್ನೂ, ಸಂಘದ ಲಿಖಿತ ಆದೇಶವಿಲ್ಲದೆ ಅದರಿಂದ ಒಂದು ಪ್ರತಿಯನ್ನೂ ಒತ್ತಬಾರದು ಎಂಬುದನ್ನೂ ಮುಂಗಡ ಕೊಡುವ ದಿನವೇ ಬರೆಸಿಕೊಳ್ಳಿ.

ಪ್ರಶ್ನೆ: ಅಯಸ್ಕಾಂತದಿಂದ ಅಂಟುವ ಬ್ಯಾಡ್ಜ್ ಆಗಬಹುದೇ? ಬೇಕಾದಾಗ ಹಾಕಿ ತೆಗೆಯಬಹುದಲ್ಲ.

ಉತ್ತರ: ಬೇಡ. ಅಲ್ಯೂಮಿನಿಯಂ ಮೈಯ ಕಾರಿಗೆ ಅದು ಅಂಟುವುದಿಲ್ಲ. ಉಕ್ಕಿನ ಮೈಗೆ ಅಂಟಿದರೂ ಅಡಿಯಲ್ಲಿ ಸೇರಿದ ಧೂಳು, ಕಾರು ಅದುರಿದಂತೆಲ್ಲ ಬಣ್ಣವನ್ನು ಗೀರುತ್ತದೆ.